ಬಲ್ಲವರ ಕೆಲಸ ಕಣ್ಣಿಗೆ ಬೀಳಬೇಕು

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸಂಸ್ಥೆಗಳು ತರಬೇತಿ ಕೊಡುತ್ತವೆ. ಕೆಲವು ದಿನಗಳ ತರಗತಿ, ದಪ್ಪನೆಯ ಕೈಪಿಡಿ, ಕೊನೆಗೊಂದು ಪ್ರಮಾಣಪತ್ರ. ಅಲ್ಲಿಗೆ ಕಲಿಕೆ ಮುಗಿಯಿತೆಂದು ಕಡತ ಮುಚ್ಚುತ್ತಾರೆ. ಕಸುಬಿನ ಪಾಠ ಶುರುವಾಗುವುದೇ ಆಮೇಲೆ. ಸಿಡುಕುವ ಗ್ರಾಹಕರನ್ನು ಪಕ್ಕದ ಕೌಂಟರಿನವರು ಹೇಗೆ ಸಮಾಧಾನಪಡಿಸುತ್ತಾರೆ, ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯೆಂದು ಹಿರಿಯ ಫಿಟ್ಟರ್ ಹೇಗೆ ಗುರುತಿಸುತ್ತಾರೆ ಎಂಬುದು ಯಾವ ತರಗತಿಯಲ್ಲೂ ಸಿಗುವುದಿಲ್ಲ. ‘ಅದೆಲ್ಲ ತಾನಾಗಿ ಬರುತ್ತದೆ ಬಿಡಿ’ ಎನ್ನುವವರು ಬಹಳ. ಆದರೆ ಅದು ತಾನಾಗಿ ಬರುವುದಿಲ್ಲ. ಕೆಲಸದ ಜಾಗ ಅದಕ್ಕೆ ಎಡೆ ಕೊಟ್ಟರೆ ಮಾತ್ರ ಬರುತ್ತದೆ.

ಅಮೆರಿಕದ ಜೆರಾಕ್ಸ್ ಕಂಪನಿಯ ದುರಸ್ತಿಗಾರರ ನಡುವೆ ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ನಡೆಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. 1996ರಲ್ಲಿ ಅದು ಪುಸ್ತಕವಾಗಿ ಬಂತು. ಯಂತ್ರ ಕೆಟ್ಟರೆ ಹಂತ ಹಂತವಾಗಿ ಏನು ಮಾಡಬೇಕೆಂದು ಕಂಪನಿ ಕೈಪಿಡಿಯಲ್ಲಿ ಬರೆದುಕೊಟ್ಟಿತ್ತು. ಯಂತ್ರಗಳು ಮಾತ್ರ ಕೈಪಿಡಿಯಂತೆ ಕೆಡುತ್ತಿರಲಿಲ್ಲ. ಒಂದು ಪ್ರಸಂಗದಲ್ಲಿ ಯಂತ್ರ ತೋರಿಸುತ್ತಿದ್ದ ದೋಷಸಂಖ್ಯೆಗೂ ನಿಜವಾದ ದೋಷಕ್ಕೂ ತಾಳೆಯೇ ಇರಲಿಲ್ಲ. ದುರಸ್ತಿಗಾರ ತನಗಿಂತ ನುರಿತವರೊಬ್ಬರನ್ನು ಕರೆಸಿದ. ಹಿಂದೆ ಕಂಡ ಯಂತ್ರಗಳ ಕತೆಗಳನ್ನು ಒಬ್ಬರಿಗೊಬ್ಬರು ಹೇಳುತ್ತ, ಆ ಕತೆಗಳನ್ನು ಎದುರಿನ ಯಂತ್ರದೊಂದಿಗೆ ಹೋಲಿಸುತ್ತ, ಗಂಟೆಗಟ್ಟಲೆ ಕುಳಿತು ಇಬ್ಬರೂ ಕಾರಣ ಹಿಡಿದರು. ಊಟದ ವೇಳೆಯ ಮಾತಿನಲ್ಲಿ ಇಂಥ ಕತೆಗಳು ಉಳಿದವರಿಗೂ ತಲುಪುತ್ತಿದ್ದವು. ಮೇಲಧಿಕಾರಿಯ ಕಣ್ಣಿಗೆ ಹರಟೆಯೆನಿಸಬಹುದಾದದ್ದು ಆ ಕಸುಬಿನ ಜ್ಞಾನಭಂಡಾರವಾಗಿತ್ತು.

ಎಡೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಪುಸ್ತಕದಲ್ಲಿ ಹಲವು ಕಸುಬುಗಳ ಶಿಷ್ಯವೃತ್ತಿಯನ್ನು ಹೋಲಿಸಿದರು. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಶಿಷ್ಯರು ಇಡೀ ದಿನ ಗುರುವಿನ ಕೆಲಸದ ನಡುವೆಯೇ ಇದ್ದು, ಗುಂಡಿ ಹಚ್ಚುವಂಥ ಕೊನೆಯ ಕೆಲಸಗಳಿಂದ ಶುರುಮಾಡಿ ಬಟ್ಟೆ ಕತ್ತರಿಸುವವರೆಗೆ ಬೆಳೆಯುತ್ತಿದ್ದರು. ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಮಾಂಸ ವಿಭಾಗದಲ್ಲಿ ಕತೆಯೇ ಬೇರೆ. ಅಲ್ಲಿ ಶಿಷ್ಯರನ್ನು ಪೊಟ್ಟಣ ಕಟ್ಟುವ ಮೇಜಿಗೆ ಹಾಕಿದ್ದರು. ಆ ಮೇಜಿನಿಂದ ನುರಿತವರು ಮಾಂಸ ಕತ್ತರಿಸುವುದು ಕಾಣುತ್ತಲೇ ಇರಲಿಲ್ಲ. ಎರಡೂ ಕಡೆ ಶಿಷ್ಯರಿದ್ದರು, ಬಲ್ಲವರೂ ಇದ್ದರು; ವ್ಯತ್ಯಾಸವಿದ್ದದ್ದು ವ್ಯವಸ್ಥೆಯಲ್ಲಿ. ‘ನೋಡಿ ಕಲಿ, ಮಾಡಿ ತಿಳಿ’ ಎಂದು ಹೇಳುವುದು ಸುಲಭ. ನೋಡಲು ಮೊದಲು ಕಾಣಬೇಕಲ್ಲ! ಮನೆಯಿಂದಲೇ ಕೆಲಸ ಮಾಡುವ ಇಂದಿನ ಹೊಸಬರ ಸ್ಥಿತಿಯೂ ಆ ಮೇಜಿನವರಿಗಿಂತ ಬಹಳ ಭಿನ್ನವಲ್ಲ. ಸಿದ್ಧವಾದ ಕಡತ ಅವರಿಗೆ ಸಿಗುತ್ತದೆ, ಅದು ಸಿದ್ಧವಾದ ಬಗೆ ಸಿಗುವುದಿಲ್ಲ.

ಹೀಗೆ ಕಲಿತರೆ ತಪ್ಪು ರೂಢಿಯೂ ಅಂಟಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಅಂಟಿಕೊಳ್ಳುತ್ತದೆ. ಹೆಲ್ಮೆಟ್ ಇಲ್ಲದೆ ಕಂಬ ಹತ್ತುವುದನ್ನೂ ಕಿರಿಯರು ಹಿರಿಯರನ್ನು ನೋಡಿಯೇ ಕಲಿಯುತ್ತಾರೆ. ಹಾಗೆಂದು ಮಾತು ನಿಲ್ಲಿಸಿದರೆ ತಪ್ಪು ನಿಲ್ಲುವುದಿಲ್ಲ, ಮರೆಗೆ ಸರಿಯುತ್ತದೆ ಅಷ್ಟೆ. ಜೆರಾಕ್ಸ್ 1990ರ ದಶಕದಲ್ಲಿ ‘ಯುರೇಕಾ’ ಎಂಬ ವ್ಯವಸ್ಥೆ ತಂದಿತು. ದುರಸ್ತಿಗಾರರು ತಾವು ಕಂಡುಕೊಂಡ ಉಪಾಯವನ್ನು ಬರೆದು ಕಳಿಸುತ್ತಿದ್ದರು. ಅದೇ ಕಸುಬಿನವರು ಪರೀಕ್ಷಿಸಿ ಒಪ್ಪಿದ ಮೇಲೆ, ಬರೆದವರ ಹೆಸರಿನ ಸಮೇತ ಅದು ಎಲ್ಲರಿಗೂ ಸಿಗುತ್ತಿತ್ತು. ಬಾಯಿಮಾತಿನ ಅರಿವು ಹೀಗೆ ಪರೀಕ್ಷೆಗೂ ಒಳಗಾಯಿತು, ಗೌರವವನ್ನೂ ಪಡೆಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಕಲಿಕೆ ಸ್ನೇಹದ ದಾರಿಯಲ್ಲಿ ಹರಿದರೆ, ಸ್ನೇಹವಲಯದ ಹೊರಗಿದ್ದವರ ಗತಿಯೇನು? ಜಾತಿ, ಭಾಷೆ, ಲಿಂಗದ ಕಾರಣಕ್ಕೆ ಚಹಾದ ಗುಂಪಿಗೆ ಕರೆಸಿಕೊಳ್ಳದವರು ಬರೀ ಚಹಾ ಕಳೆದುಕೊಳ್ಳುವುದಿಲ್ಲ, ಕಸುಬಿನ ಒಳಗುಟ್ಟುಗಳನ್ನೂ ಕಳೆದುಕೊಳ್ಳುತ್ತಾರೆ. ಈ ಕಲಿಕೆಯನ್ನು ಕೇವಲ ಆಕಸ್ಮಿಕಕ್ಕೆ ಬಿಡಬಾರದೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಹೊಸಬರನ್ನು ಸರದಿಯ ಮೇಲೆ ಬೇರೆ ಬೇರೆ ಹಿರಿಯರ ಜೊತೆಗೆ ಹಾಕುವುದು, ಕೆಟ್ಟುಹೋದ ಕೆಲಸದ ಬಗ್ಗೆ ಎಲ್ಲರೂ ಕೂತು ಮಾತಾಡುವುದು, ಕಲಿಸುವ ಹಿರಿಯರ ದಿನಗೆಲಸದ ಹೊರೆ ಕೊಂಚ ಇಳಿಸುವುದು, ಇವೆಲ್ಲ ದುಬಾರಿ ಕ್ರಮಗಳೇನಲ್ಲ. ತರಗತಿಯ ಪಾಠ ಬೇಡವೆಂದಲ್ಲ; ಅಡಿಪಾಯಕ್ಕೆ ಅದು ಬೇಕು. ಆದರೆ ಎಷ್ಟು ಗಂಟೆ ತರಬೇತಿ ಕೊಟ್ಟೆವು ಎಂಬ ಲೆಕ್ಕದ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಸಂಸ್ಥೆಗಳು ಕೇಳಿಕೊಳ್ಳಬೇಕು: ನಮ್ಮ ಹೊಸಬರಿಗೆ ಯಾರ ಕೆಲಸ ಕಾಣುತ್ತದೆ? ಗೊತ್ತಿಲ್ಲದ್ದನ್ನು ಅವರು ಯಾರ ಬಳಿ ಅಂಜದೆ ಕೇಳಬಹುದು?