ಶರೀರವೂ ಅಲ್ಲಾಹನ ಅಮಾನತ್

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಭಯಪಟ್ಟು ಬದುಕುವಂತೆ ಮೊದಲು ನನಗೆ, ನಂತರ ನಿಮಗೆ ಉಪದೇಶಿಸುತ್ತೇನೆ.

ಅಬ್ದುಲ್ಲಾ ಇಬ್ನ್ ಮಸ್‌ಊದ್(ರ)ರ ಕಾಲುಗಳು ಬಹಳ ತೆಳ್ಳಗಿದ್ದವು. ಒಮ್ಮೆ ಅವರು ಮಿಸ್ವಾಕ್ ಕಡ್ಡಿ ಕೀಳುತ್ತಿದ್ದಾಗ ಅದನ್ನು ಕಂಡು ಜೊತೆಗಿದ್ದವರು ನಕ್ಕರು. ಪ್ರವಾದಿ(ಸ) ಅದನ್ನು ಸುಮ್ಮನೆ ಬಿಡಲಿಲ್ಲ. ಆ ಕಾಲುಗಳು ಪರಲೋಕದ ತಕ್ಕಡಿಯಲ್ಲಿ ಉಹುದ್ ಪರ್ವತಕ್ಕಿಂತ ಭಾರವಾಗಿರುವವು ಎಂದು ತಿಳಿಸಿದರು. ಪರಸ್ಪರ ಪರಿಹಾಸ್ಯ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಸೂರಃ ಅಲ್ ಹುಜುರಾತ್ ನಿಷೇಧಿಸಿದೆ.

ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಮದುವೆ ಮನೆಗೆ ಹೋದ ಹುಡುಗಿಗೆ ಸಲಾಮ್‌ನ ಬೆನ್ನಿಗೇ ಸಿಗುವ ಮಾತು, "ಏನಮ್ಮಾ, ಇಷ್ಟು ದಪ್ಪಗಾಗಿದ್ದೀಯಾ? ನಾಳೆ ಸಂಬಂಧ ಬರುವುದು ಬೇಡವೇ?" ಹುಡುಗನಿಗೆ "ಕಡ್ಡಿ" ಎಂಬ ಹೆಸರು. ಮೊಬೈಲ್‌ನಲ್ಲಿ ದಿನವಿಡೀ ತಿದ್ದಿದ ಚಿತ್ರಗಳು. ಕೆಲವು ಮಕ್ಕಳು ಊಟ ಬಿಡತೊಡಗುತ್ತಾರೆ. ಕೆಲವರು ಗುಟ್ಟಾಗಿ ಅತಿಯಾಗಿ ತಿಂದು ವಾಂತಿ ಮಾಡುತ್ತಾರೆ. ಇದು ಹಟವಲ್ಲ, ಕಾಯಿಲೆ. ವೈದ್ಯರು ಅನೊರೆಕ್ಸಿಯಾ, ಬುಲಿಮಿಯಾ ಎನ್ನುತ್ತಾರೆ. ಹೃದಯಕ್ಕೆ, ಮೂಳೆಗೆ ಹಾನಿಯಾಗುತ್ತದೆ; ಜೀವಕ್ಕೂ ಅಪಾಯವಿದೆ. ಹುಡುಗರಿಗೂ ಇದು ಬರುತ್ತದೆ.

ಇದಕ್ಕೆ ತಂದೆ ತಾಯಿಯೇ ಕಾರಣ ಎಂದಲ್ಲ. ವಂಶದ ಪ್ರಭಾವ, ಆತಂಕದ ಸ್ವಭಾವ, ಎಲ್ಲದರಲ್ಲೂ ಪರಿಪೂರ್ಣರಾಗಬೇಕೆಂಬ ಒತ್ತಡ, ಅತಿಯಾದ ಡಯಟ್ ಎಲ್ಲವೂ ಸೇರುತ್ತವೆ. ಆದರೆ ಪರಿಹಾಸ್ಯವನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ.

ರಕ್ಷಣೆಯೂ ನಮ್ಮ ಮನೆಯಲ್ಲೇ ಇದೆ. ಒಟ್ಟಿಗೆ ಕುಳಿತು ಊಟ ಮಾಡಿದರೆ ಬರಕತ್ ಇದೆಯೆಂದು ಪ್ರವಾದಿ(ಸ) ಕಲಿಸಿದರು. ಮನೆಮಂದಿ ಸಂತೋಷದಿಂದ ಜೊತೆಗೆ ಉಣ್ಣುವುದು ಮಕ್ಕಳಿಗೆ ರಕ್ಷಣೆಯೆಂದು ವೈದ್ಯರೂ ಹೇಳುತ್ತಾರೆ. ಪ್ರವಾದಿ(ಸ) ಎಂದೂ ಆಹಾರವನ್ನು ದೂಷಿಸಲಿಲ್ಲ. ಇಷ್ಟವಾದರೆ ಉಂಡರು, ಇಲ್ಲವಾದರೆ ಬಿಟ್ಟರು. ದಿನಕ್ಕೆ ಒಂದು ಹೊತ್ತಾದರೂ ಮೊಬೈಲ್ ಬದಿಗಿಟ್ಟು ಎಲ್ಲರೂ ಸುಪ್ರದ ಸುತ್ತ ಕುಳಿತುಕೊಳ್ಳಿ. ಅಲ್ಲಿ ತೂಕದ ಮಾತು ಬೇಡ.

ಇನ್ನೊಂದು ಮುಖ್ಯ ವಿಷಯ ಉಪವಾಸದ್ದು. ಉಪವಾಸ ಅಲ್ಲಾಹನಿಗಾಗಿ, ತೂಕ ಇಳಿಸಲಿಕ್ಕಲ್ಲ. ಮಗಳು ಪದೇ ಪದೇ ಸುನ್ನತ್ ಉಪವಾಸ ಹಿಡಿದು ಇಫ್ತಾರ್‌ನಲ್ಲೂ ಉಣ್ಣದಿದ್ದರೆ "ಎಷ್ಟು ಭಕ್ತೆ" ಎಂದು ಹಿಗ್ಗುವ ಮೊದಲು ಅವಳ ಬಳಿ ಕುಳಿತು ಮೆಲ್ಲಗೆ ವಿಚಾರಿಸಿ. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್‌ನಲ್ಲಿದ್ದ ಯುವ ಸಹಾಬಿ ಅಬ್ದುಲ್ಲಾ ಇಬ್ನ್ ಅಮ್ರ್(ರ)ರಿಗೆ, ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆ ಎಂಬುದನ್ನು ಪ್ರವಾದಿ(ಸ) ನೆನಪಿಸಿದ್ದರು. ರಮಝಾನ್‌ನ ಕಡ್ಡಾಯ ಉಪವಾಸದಲ್ಲೂ ರೋಗಿಗೆ ಸೂರಃ ಅಲ್ ಬಕರಃ ರಿಯಾಯಿತಿ ನೀಡಿದೆ. ಈ ಕಾಯಿಲೆಯಿರುವ ಮಗುವಿಗೂ ಆ ರಿಯಾಯಿತಿ ಇದೆ. ವೈದ್ಯರು ಬೇಡವೆಂದರೆ ಒತ್ತಾಯಿಸಬೇಡಿ, ಜನ ಏನೆನ್ನುವರೋ ಎಂದು ಅಂಜಬೇಡಿ.

"ದೃಷ್ಟಿಯಾಗಿದೆ" ಎಂದು ತಿಂಗಳುಗಟ್ಟಲೆ ಕಾಯುವುದೂ ಸಲ್ಲದು. ದುಆ ಮಾಡಿ, ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಚಿಕಿತ್ಸೆ ಪಡೆಯಿರೆಂಬುದು ಪ್ರವಾದಿ(ಸ)ಯವರದೇ ಆದೇಶ. ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೇಗ ಚಿಕಿತ್ಸೆ ಆರಂಭಿಸಿದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು.

ಅಲ್ಲಾಹನು ನಮ್ಮ ನಾಲಿಗೆಗಳನ್ನು ಸಂರಕ್ಷಿಸಲಿ, ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ಮನಶ್ಶಾಂತಿಯನ್ನೂ ದಯಪಾಲಿಸಲಿ. ಆಮೀನ್.