ಪೆಟ್ಟಿಗೆ ಬಿಚ್ಚುವ ಮೊದಲು ತಂತಿ ಕೀಳಿರಿ
(ಐರೋಲಿಯ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಐರೋಲಿ ಸ್ಟೇಶನ್ನಿನಲ್ಲಿ ಇಳಿದರೆ ಗಾಜಿನ ದೊಡ್ಡ ದೊಡ್ಡ ಕಟ್ಟಡಗಳು ಕಾಣುತ್ತವೆ. ಅವುಗಳೊಳಗೆ ಸಾವಿರಾರು ಕಂಪ್ಯೂಟರುಗಳು. ಅಲ್ಲಿ ದುಡಿಯುವವರಿಗೆ ಊಟ ತಿಂಡಿ ಕೊಡುವವರಲ್ಲಿ ನಮ್ಮವರೂ ಇದ್ದಾರೆ. ಈಗ ಆ ಯಂತ್ರ ನಮ್ಮ ಹೋಟೆಲಿನ ಗಲ್ಲಾಕ್ಕೂ ಬಂದು ಕುಳಿತಿದೆ. ನಮ್ಮ ಹಿರಿಯರು ಹಗಲು ತಟ್ಟೆ ತೊಳೆದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಇಂದಿನ ಹುಡುಗರು ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದಾರೆ. ಇದು ಸಂತೋಷದ ಮಾತು.

ಆದರೆ ಒಂದು ಕಷ್ಟವಿದೆ. ಮಧ್ಯಾಹ್ನ ಒಂದು ಗಂಟೆ, ಗಿರಾಕಿಗಳ ನೂಕುನುಗ್ಗಲು. ಬಿಲ್ಲಿನ ಯಂತ್ರ ನಿಂತುಹೋಯಿತು. "ಏ ಹುಡುಗಾ, ನಿನಗೆ ಗೊತ್ತಲ್ಲ, ಬೇಗ ಬಿಚ್ಚಿ ನೋಡು" ಎಂಬ ಅಪ್ಪಣೆ ಬರುತ್ತದೆ. ಹುಡುಗನ ಕೈ ಒದ್ದೆ, ನಿಂತ ನೆಲವೂ ಒದ್ದೆ. ಅಪಾಯ ಇರುವುದು ಇಲ್ಲಿ. ಆದ್ದರಿಂದ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ.

ಮೊದಲನೆಯದು, ಗುಂಡಿ ಒತ್ತಿ ನಿಲ್ಲಿಸಿದ ಮಾತ್ರಕ್ಕೆ ಕರೆಂಟು ಹೋಗಲಿಲ್ಲ. ಯಂತ್ರ ಮಲಗಿದಂತೆ ಕಂಡರೂ ಒಳಗೆ ಐದು ವೋಲ್ಟು ಹರಿಯುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ಚನ್ನೂ ಪೂರ್ತಿ ನಂಬಬೇಡಿ. ವಯರಿಂಗ್ ತಪ್ಪಾಗಿದ್ದರೆ ಸ್ವಿಚ್ ಆರಿಸಿದರೂ ಫೇಸ್ ತಂತಿ ಜೀವಂತವಾಗಿಯೇ ಇರುತ್ತದೆ. ಇನ್ನು ಗಲ್ಲಾದ ಕೆಳಗೆ ಯುಪಿಎಸ್ ಎಂಬ ಬ್ಯಾಟರಿ ಪೆಟ್ಟಿಗೆ. ಗೋಡೆಯ ಪ್ಲಗ್ ಕಿತ್ತರೂ ಅದು ಕರೆಂಟು ಕೊಡುತ್ತಲೇ ಇರುತ್ತದೆ. ಅದನ್ನು ಮಾಡಿರುವುದೇ ಅದಕ್ಕಾಗಿ. ಆದುದರಿಂದ ಕಂಪ್ಯೂಟರಿನ ಬೆನ್ನಿಗೆ ಬಂದಿರುವ ತಂತಿಯನ್ನೇ ಕೀಳಿರಿ. ಆಮೇಲೆ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿಯಿರಿ, ಉಳಿದದ್ದು ಇಳಿದುಹೋಗಲಿ.

ಎರಡನೆಯದು, ಕರೆಂಟು ಒಳಗೆ ಬರುವ ಜಾಗದಲ್ಲಿರುವ ಚಿಕ್ಕ ತಗಡಿನ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ. ಅದನ್ನು ಬಿಚ್ಚಲೇಬೇಡಿ. 230 ವೋಲ್ಟಿನ ಕರೆಂಟು ಅದರೊಳಗೆ 300ಕ್ಕೂ ಮೇಲೇರಿ ಕೆಪಾಸಿಟರಿನಲ್ಲಿ ತುಂಬಿರುತ್ತದೆ. ತಂತಿ ಕಿತ್ತ ಮೇಲೂ ಉಳಿದಿರಬಹುದು. ಕೆಟ್ಟರೆ ಇಡಿಯಾಗಿ ಬದಲಾಯಿಸುವುದೇ ಕ್ರಮ. ಹಳೆಯ ಡುಬ್ಬು ಬೆನ್ನಿನ ಮಾನಿಟರ್ ಇದಕ್ಕಿಂತಲೂ ಕ್ರೂರ. ಅದರ ಗಾಜಿನ ಬುರುಡೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೋಲ್ಟು ಇರುತ್ತದೆ.

ಮೂರನೆಯದು, ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುವುದು. ಇದನ್ನು ನಕ್ಕು ಬಿಟ್ಟುಬಿಡುತ್ತೇವೆ. ಹಾಗೆ ಜುಮ್ಮೆಂದರೆ ಹೆಚ್ಚಾಗಿ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ತೂತಿಗೆ ತುರುಕಿದ ಫಲ ಅದು. ಇಂದು ಜುಮ್ಮೆಂದದ್ದು, ನಾಳೆ ಒಳಗೊಂದು ತಂತಿ ತಗಡಿಗೆ ತಾಗಿದರೆ ಪ್ರಾಣವನ್ನೇ ತೆಗೆದೀತು.

ನಾಲ್ಕನೆಯದು ಯಂತ್ರದ ರಕ್ಷಣೆ. ನಮ್ಮ ಮೈಯಲ್ಲಿ ನಮಗೇ ತಿಳಿಯದಂತೆ ವಿದ್ಯುತ್ತು ಕೂಡಿಕೊಳ್ಳುತ್ತದೆ. ಸುಮಾರು ಮೂರು ಸಾವಿರ ವೋಲ್ಟಿಗಿಂತ ಕಡಿಮೆಯಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಚಿಪ್ಪನ್ನು ಕೆಡಿಸಲು ನೂರು ವೋಲ್ಟೂ ಸಾಕಾಗಬಹುದು. ಮಳೆಗಾಲದಲ್ಲಿ ಇದು ಕಡಿಮೆ, ಏರ್ ಕಂಡೀಶನ್ ಕೋಣೆಯ ಒಣ ಹವೆಯಲ್ಲಿ ಹೆಚ್ಚು. ಬೋರ್ಡನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ತಗಡನ್ನು ಮುಟ್ಟಿರಿ. ಮಣಿಕಟ್ಟಿನ ಪಟ್ಟಿ ಕಟ್ಟಿದರೆ ಇನ್ನೂ ಒಳ್ಳೆಯದು. ಆದರೆ ಅದನ್ನು ಕಟ್ಟಿಕೊಂಡು ಕರೆಂಟಿರುವ ಯಂತ್ರಕ್ಕೆ ಕೈ ಹಾಕಬಾರದು. ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಬಿಡಿಭಾಗವನ್ನು ಅದರ ಚೀಲದಿಂದ ಕೊನೆಯ ಗಳಿಗೆಯಲ್ಲೇ ತೆಗೆಯಿರಿ.

ಉಂಗುರ, ಗಡಿಯಾರ, ಕುತ್ತಿಗೆಯ ಸರ ತೆಗೆದಿಡಿ. ತಗಡಿನ ಅಂಚು ಕತ್ತಿಯಂತಿರುತ್ತದೆ. ಬಿದ್ದ ಸ್ಕ್ರೂ ಸಿಗದೆ ಮುಚ್ಚಳ ಹಾಕಬೇಡಿ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟದೆ ಮೊದಲು ಮೇನ್ ಆರಿಸಿರಿ. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿರಿ. ಒಬ್ಬರು 108ಕ್ಕೆ ಫೋನು ಮಾಡಲಿ. ಉಸಿರು ನಿಂತಿದ್ದರೆ ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಬಲವಾಗಿ ಒತ್ತುತ್ತಿರಲಿ.

ಬಂಧುಗಳೇ, ಇಷ್ಟೆಲ್ಲ ತಿಳಿದ ಹುಡುಗನೂ ಅವಸರದಲ್ಲಿ ಮರೆಯುತ್ತಾನೆ. ಅವಸರ ಅವನದಲ್ಲ, ಗಲ್ಲಾದ್ದು. ಆದುದರಿಂದ ಮಾಲೀಕರಲ್ಲಿ ಮೂರು ವಿಷಯಗಳನ್ನು ವಿನಯದಿಂದಲೂ ದೃಢವಾಗಿಯೂ ಕೇಳೋಣ. ಲೈಸೆನ್ಸಿರುವ ಎಲೆಕ್ಟ್ರೀಷಿಯನ್ನನಿಂದ ಅರ್ಥಿಂಗ್ ಪರೀಕ್ಷೆಯಾಗಲಿ. ಸೋರಿದ ಕರೆಂಟನ್ನು ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಬ್ರೇಕರ್ ಹಾಕಲಿ. ಗಲ್ಲಾದ ಡ್ರಾವರಿನಲ್ಲಿ ಹಳೆಯ ಕಾಲದ ಬಿಲ್ ಪುಸ್ತಕವೊಂದಿರಲಿ. ಯಂತ್ರ ನಿಂತರೆ ಕೈಯಲ್ಲಿ ಬಿಲ್ಲು ಬರೆಯೋಣ. ನಮ್ಮ ಹಿರಿಯರು ವರ್ಷಗಟ್ಟಲೆ ಹಾಗೆಯೇ ಬರೆದರು, ಹೋಟೆಲು ಮುಳುಗಲಿಲ್ಲ.

"ತಂತಿ ಕಿತ್ತ ಮೇಲೆಯೇ ಮುಟ್ಟುತ್ತೇನೆ" ಎಂದು ಹೇಳುವುದು ಸೊಕ್ಕಲ್ಲ; ಅದು ಕೆಲಸ ಬಲ್ಲವನ ಮಾತು. ಹಾಗೆಂದ ಹುಡುಗನನ್ನು ಯಾರಾದರೂ ಗದರಿಸಿದರೆ ಅವನು ಒಬ್ಬಂಟಿಯಾಗಬಾರದು. ಅವನ ಬೆನ್ನಿಗೆ ನಾವೆಲ್ಲ ನಿಲ್ಲಬೇಕು. ಕೆಟ್ಟ ಬೋರ್ಡಿಗೆ ಇನ್ನೊಂದು ಬೋರ್ಡು ಸಿಗುತ್ತದೆ. ಊರಿನಲ್ಲಿ ಮನಿಯಾರ್ಡರಿನ ದಾರಿ ಕಾಯುತ್ತಿದ್ದ ತಾಯಂದಿರ ಕಾಲ ಹೋಗಿ ಈಗ ಫೋನಿನಲ್ಲೇ ಹಣ ಮುಟ್ಟುತ್ತದೆ. ಆದರೆ ಮಗ ಹೋದರೆ ಮತ್ತೊಬ್ಬ ಮಗನನ್ನು ಯಾವ ಅಂಗಡಿಯೂ ಕೊಡುವುದಿಲ್ಲ.