ಜುಮಾ ಪ್ರವಚನ: ನಾವು ಉಡುವ ಬಟ್ಟೆಗೂ ಹಲಾಲ್ ಇದೆ



ಸರ್ವಸ್ತುತಿ ಅಲ್ಲಾಹನಿಗೆ. ಅವನನ್ನು ಭಯಪಟ್ಟು ಬದುಕಬೇಕೆಂದು ನನಗೂ ನಿಮಗೂ ಉಪದೇಶಿಸುತ್ತೇನೆ.

ಮಾಂಸ ಕೊಳ್ಳುವಾಗ ‘ಇದು ಹಲಾಲೇ?’ ಎಂದು ಕೇಳುತ್ತೇವೆ. ಅಂಗಿ ಕೊಳ್ಳುವಾಗ ಬೆಲೆ ಮಾತ್ರ ಕೇಳುತ್ತೇವೆ. ಅಂತ್ಯದಿನದಂದು ಅಲ್ಲಾಹನೇ ಮೂವರಿಗೆ ಎದುರಾಳಿಯಾಗುತ್ತಾನೆಂದು ಸಹೀಹ್ ಬುಖಾರಿಯ ಹದೀಸ್ ತಿಳಿಸುತ್ತದೆ. ಸ್ವತಂತ್ರ ಮನುಷ್ಯನನ್ನು ಮಾರಿ ತಿಂದವನೂ ದುಡಿಸಿಕೊಂಡು ಕೂಲಿ ಕೊಡದವನೂ ಆ ಮೂವರಲ್ಲಿದ್ದಾರೆ.

ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಉಯಿಘರ್ ಮುಸ್ಲಿಮರಿದ್ದಾರೆ. ಜಗತ್ತಿನ ಹತ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಬೆಳೆಯುವುದು ಅಲ್ಲಿಯೇ. 2017ರಿಂದ ಅಲ್ಲಿ ಲಕ್ಷಾಂತರ ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಸರಕಾರದ ‘ಕಾರ್ಮಿಕ ವರ್ಗಾವಣೆ’ ಯೋಜನೆಯಡಿ ಅನೇಕರನ್ನು ಹೊಲಗಳಿಗೆ, ಕಾರ್ಖಾನೆಗಳಿಗೆ ಕಳುಹಿಸಲಾಯಿತು. ಇದು ತರಬೇತಿ, ಬಡತನ ನಿವಾರಣೆ ಎನ್ನುತ್ತದೆ ಚೀನಾ. ಆದರೆ ‘ಒಲ್ಲೆ’ ಎಂದರೆ ಶಿಬಿರದ ಭಯವಿರುವಲ್ಲಿ, ಕೂಲಿ ಸಿಕ್ಕರೂ ಅದು ಸ್ವತಂತ್ರನ ದುಡಿಮೆಯೇ?

ಅಲ್ಲಿನ ದಬ್ಬಾಳಿಕೆ ಮಾನವತೆಯ ವಿರುದ್ಧದ ಅಪರಾಧವಾಗಿರಬಹುದೆಂದು 2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವರದಿ ನೀಡಿತು. ಇದನ್ನು ಚರ್ಚಿಸೋಣ ಎಂಬ ಪ್ರಸ್ತಾವ ಅಕ್ಟೋಬರ್ 6ರಂದು ಮಾನವ ಹಕ್ಕುಗಳ ಮಂಡಳಿಯಲ್ಲಿ ಸೋತಿತು. 17 ಮತ ಪರ, 19 ವಿರುದ್ಧ. ಭಾರತ ಸೇರಿ 11 ದೇಶಗಳು ತಟಸ್ಥ. ಬಡ ಸೊಮಾಲಿಯಾ ಪರವಾಗಿ ಕೈ ಎತ್ತಿತು. ಪಾಕಿಸ್ತಾನ, ಇಂಡೋನೇಷ್ಯಾ, ಕತರ್, ಯುಎಇ ವಿರೋಧಿಸಿದವು! ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಬೇಕೆಂಬ ಸೂರಃ ಅನ್ನಿಸಾದ ಆದೇಶ ಆ ದಿನ ಎಲ್ಲಿ ಹೋಯಿತು?

‘ನನ್ನ ಅಂಗಿಗೂ ಇದಕ್ಕೂ ಏನು ಸಂಬಂಧ?’ ಎನ್ನಬಹುದು. ನೂಲಿನ ಗಿರಣಿಯಲ್ಲಿ ಹಲವು ಕಡೆಯ ಹತ್ತಿ ಬೆರೆಯುತ್ತದೆ. ನೂಲುವುದು ಒಂದು ದೇಶದಲ್ಲಿ, ನೇಯುವುದು ಇನ್ನೊಂದರಲ್ಲಿ, ಹೊಲಿಯುವುದು ಮತ್ತೊಂದರಲ್ಲಿ. ಅಂಗಿಯ ಲೇಬಲ್ಲಿನಲ್ಲಿ ಹತ್ತಿ ಬಿಡಿಸಿದವರ ಊರು ಇರುವುದಿಲ್ಲ. ಆದ್ದರಿಂದಲೇ ಅಮೆರಿಕ 2022ರ ಜೂನ್‌ನಿಂದ ಷಿನ್‌ಜಿಯಾಂಗ್‌ನ ಸರಕನ್ನೆಲ್ಲ ಬಲವಂತದ ದುಡಿಮೆಯದ್ದೆಂದೇ ಪರಿಗಣಿಸುತ್ತಿದೆ. ಅಲ್ಲವೆಂದು ತೋರಿಸುವ ಹೊಣೆ ಆಮದು ಮಾಡುವವನದು. ಬಟ್ಟೆಯೊಂದೇ ಅಲ್ಲ, ಟೊಮೆಟೊ, ಸೋಲಾರ್ ಫಲಕಕ್ಕೆ ಬೇಕಾದ ಪಾಲಿಸಿಲಿಕಾನ್ ಕೂಡ ಅಲ್ಲಿಂದ ಬರುತ್ತವೆ.

ಸಹೋದರರೇ, ಸಂಶಯದ ಮಾತ್ರಕ್ಕೆ ಮನೆಯಲ್ಲಿರುವ ಬಟ್ಟೆಯೆಲ್ಲ ಹರಾಮ್ ಎಂದು ನಾನು ಹೇಳುತ್ತಿಲ್ಲ. ಆದರೆ ಕೇಳಲು ಸಾಧ್ಯವಿರುವವನು ಕೇಳದೆ ಇದ್ದರೆ ಅದಕ್ಕೆ ಉತ್ತರಿಸಬೇಕಾಗುತ್ತದೆ. ಜವಳಿ ವ್ಯಾಪಾರಿಗಳು ಸಗಟು ವರ್ತಕರಿಂದ ಹತ್ತಿಯ ಮೂಲವನ್ನು ಬರೆಸಿಕೊಳ್ಳಲಿ. ಮಸೀದಿ ಕಮಿಟಿಯವರು ಮುಸಲ್ಲಾ, ಸೋಲಾರ್ ಖರೀದಿಸುವಾಗಲೂ ಕೇಳಲಿ. ಉಳಿದವರು ಅಗ್ಗವೆಂದು ಬೇಡದ್ದನ್ನು ರಾಶಿ ಹಾಕುವುದನ್ನು ಬಿಡಲಿ.

ಉಯಿಘರರು ಮುಸ್ಲಿಮರು ಎಂಬುದಕ್ಕಷ್ಟೇ ಈ ಮಾತಲ್ಲ. ಮರ್ದಿತನ ಧರ್ಮ ಕೇಳಿ ನ್ಯಾಯ ಅಳೆಯುವಂತಿಲ್ಲ. ಸಾಮಾನ್ಯ ಚೀನೀಯನನ್ನು ದ್ವೇಷಿಸುವುದೂ ನ್ಯಾಯವಲ್ಲ. ಅದೇ ಅಳತೆಗೋಲು ನಮ್ಮ ಅಂಗಡಿಯ ಹುಡುಗನಿಗೂ ಮನೆಗೆಲಸದಾಕೆಗೂ ಇರಲಿ. ಅವರ ಕೂಲಿ ಬಾಕಿಯಿಟ್ಟುಕೊಂಡು ಉಯಿಘರರಿಗಾಗಿ ಕೈಯೆತ್ತಿದರೆ ಆ ದುಆಗೆ ಬಲವೆಲ್ಲಿ?

ಅಲ್ಲಾಹನು ಮರ್ದಿತರಿಗೆ ಬಿಡುಗಡೆಯನ್ನೂ ನಮಗೆ ಶುದ್ಧ ಸಂಪಾದನೆಯನ್ನೂ ಅನುಗ್ರಹಿಸಲಿ. ಆಮೀನ್.